ಒಂದೇ ಫೈಲ್, ಹತ್ತಾರು ಚಿತ್ರ: ವಾರದ ಎಡಿಟಿಂಗ್ ಸವಾಲಿನ ಪ್ರಶ್ನೋತ್ತರ

ಒಬ್ಬರು ತಾವು ತೆಗೆದ ಫೋಟೋದ ರಾ ಫೈಲ್, ಅಂದರೆ ಕ್ಯಾಮರಾ ದಾಖಲಿಸಿದ ಸಂಸ್ಕರಿಸದ ಮೂಲ ಫೈಲ್, ಕೊಡುತ್ತಾರೆ. ಬಳಗದ ಉಳಿದವರು ಅದೇ ಫೈಲನ್ನು ತಮಗೆ ತೋಚಿದಂತೆ ಎಡಿಟ್ ಮಾಡಿ ವಾರದೊಳಗೆ ಹಂಚಿಕೊಳ್ಳುತ್ತಾರೆ. ಹೆಚ್ಚು ಮತ ಬಿದ್ದವರು ಮುಂದಿನ ವಾರದ ಫೈಲ್ ಕೊಡಬೇಕು. ಬಹುಮಾನ ಇಲ್ಲ, ಪೈಪೋಟಿಯ ಬಿಸಿಯೂ ಇಲ್ಲ. ಇಂಥ ಸವಾಲುಗಳಲ್ಲಿ ಪಾಲ್ಗೊಳ್ಳುವ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಫೈಲ್ ತೆರೆದ ಕೂಡಲೇ ಕೈ ಸ್ಲೈಡರ್‌ಗಳ ಕಡೆ ಹೋಗುತ್ತದೆ. ಗಂಟೆಗಟ್ಟಲೆ ಎಳೆದಾಡಿದ ಮೇಲೆ ನೋಡಿದರೆ ಮೂಲ ಚಿತ್ರವೇ ವಾಸಿ ಅನ್ನಿಸುತ್ತದೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸ್ಲೈಡರ್ ಮುಟ್ಟುವ ಮೊದಲು ಒಂದೇ ಒಂದು ವಾಕ್ಯ ಬರೆದಿಟ್ಟುಕೊಳ್ಳಿ: ಈ ಚಿತ್ರ ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕು? ಈ ವಾಕ್ಯ ಇಲ್ಲದೆ ಹೊರಟರೆ ಪ್ರತಿ ಸ್ಲೈಡರೂ ತನ್ನ ಪಾಡಿಗೆ ಚಿತ್ರವನ್ನು ಒಂದೊಂದು ಕಡೆ ಎಳೆಯುತ್ತದೆ.

ಒಂದು ಫೈಲ್ ಇಟ್ಟುಕೊಂಡೇ ನೋಡೋಣ. ಮುಂದೆ ದಡಕ್ಕೆ ಕಟ್ಟಿದ ದೋಣಿ, ಹಿಂದೆ ಮುಳುಗುತ್ತಿರುವ ಸೂರ್ಯ. ಆಕಾಶದ ಬಣ್ಣ ಉಳಿಯಲೆಂದು ಎಕ್ಸ್‌ಪೋಶರ್, ಅಂದರೆ ಬೆಳಕಿನ ಪ್ರಮಾಣ, ಕಡಿಮೆ ಇಟ್ಟು ತೆಗೆದಿದ್ದಾರೆ, ಹಾಗಾಗಿ ದೋಣಿ ಕಪ್ಪಾಗಿದೆ. ನಿಮ್ಮ ವಾಕ್ಯ ‘ದೋಣಿಯ ಬದಿಯಲ್ಲಿ ಸುಲಿದು ಹೋದ ಬಣ್ಣ’ ಅಂತಿದ್ದರೆ ಎಕ್ಸ್‌ಪೋಶರ್ +1.5ರ ಹತ್ತಿರ ಹೋಗಬೇಕಾಗುತ್ತದೆ. +1 ಎಂದರೆ ಬೆಳಕು ಎರಡು ಪಟ್ಟು, +1.5 ಎಂದರೆ ಸುಮಾರು 2.8 ಪಟ್ಟು. ಆಗ ಆಕಾಶ ಬಿಳಿಚಿಕೊಳ್ಳುತ್ತದೆ, ಅದನ್ನು ಹೊಳೆಯುವ ಭಾಗಗಳನ್ನಷ್ಟೇ ಇಳಿಸುವ ಹೈಲೈಟ್ ಸ್ಲೈಡರ್‌ನಿಂದಲೋ ಆಕಾಶಕ್ಕಷ್ಟೇ ಹಾಕಿದ ಮಾಸ್ಕ್‌ನಿಂದಲೋ ಕೆಳಗೆ ತರಬೇಕು. ವಾಕ್ಯ ‘ಕತ್ತಲು ಕವಿಯುತ್ತಿರುವ ಆಕಾಶ’ ಅಂತಿದ್ದರೆ ದಾರಿಯೇ ಬೇರೆ. ಎಕ್ಸ್‌ಪೋಶರ್ ಇದ್ದಲ್ಲೇ ಇರಲಿ, ನೆರಳನ್ನು ಇನ್ನೂ ಸ್ವಲ್ಪ ಕಪ್ಪಾಗಿಸಿ, ದೋಣಿ ಬರೀ ಆಕಾರವಾಗಿ ನಿಲ್ಲಲಿ. ಎರಡೂ ಸರಿಯಾದ ಎಡಿಟ್‌ಗಳೇ. ಎರಡರ ನಡುವೆ ತೂಗಾಡಿದ್ದು ಮಾತ್ರ ಸಪ್ಪೆಯಾಗುತ್ತದೆ, ‘ಮೂಲವೇ ವಾಸಿ’ ಅನ್ನಿಸುವುದು ಹೆಚ್ಚಾಗಿ ಅಲ್ಲೇ.

ಇದೇ ಫೈಲ್‌ನಲ್ಲಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣುವಂತೆ ಬಣ್ಣ ಹೊಂದಿಸುವುದು) ಕೂಡ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ‘ಆಟೋ’ ಒತ್ತಿದರೆ ಸಾಫ್ಟ್‌ವೇರ್ ಸಂಜೆಯ ಹೊಂಬಣ್ಣವನ್ನೇ ದೋಷವೆಂದು ತಿಳಿದು ತೆಗೆದುಹಾಕುತ್ತದೆ. 5500 ಕೆಲ್ವಿನ್ ಆಸುಪಾಸು, ಅಂದರೆ ಹಗಲು ಬೆಳಕಿನ ಮಟ್ಟಕ್ಕೆ, ಕೈಯಾರೆ ಇಡಿ. ಸಂಜೆ ಸಂಜೆಯಾಗಿಯೇ ಉಳಿಯುತ್ತದೆ.

ಕೆಲಸದ ಕ್ರಮ ಹೀಗಿರಲಿ: ಮೊದಲು ಲೆನ್ಸ್ ದೋಷ ಸರಿಪಡಿಸಿ, ವಾಲಿದ ದಿಗಂತ ನೇರ ಮಾಡಿ, ಕ್ರಾಪ್ ಮಾಡಿ. ಆಮೇಲೆ ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್, ಕಾಂಟ್ರಾಸ್ಟ್, ಬಣ್ಣ. ನಂತರ ಮಾಸ್ಕ್ ಹಾಕಿ ಮಾಡುವ ಕೆಲಸ. ಶಾರ್ಪನಿಂಗ್ ಕಟ್ಟಕಡೆಗೆ. ಕ್ರಾಪ್ ಮೊದಲೇ ಏಕೆ ಅಂದರೆ, ನಾಳೆ ಕತ್ತರಿಸಿ ಎಸೆಯುವ ಮೂಲೆಯ ಹೊಳಪನ್ನು ಸರಿದೂಗಿಸಲು ಇವತ್ತು ಇಡೀ ಚಿತ್ರವನ್ನು ಮಬ್ಬು ಮಾಡುವುದು ತಪ್ಪುತ್ತದೆ. ರಾ ಫೈಲ್ ಎಡಿಟ್ ಮಾಡುವ ಡಾರ್ಕ್‌ಟೇಬಲ್ ಸಾಫ್ಟ್‌ವೇರ್‌ನಲ್ಲಿ ನೀವು ಯಾವ ಮಾಡ್ಯೂಲ್ (ಒಂದೊಂದು ಕೆಲಸದ ಉಪಕರಣ) ಮೊದಲು ಒತ್ತಿದರೂ ಒಳಗೆ ಅವು ನಡೆಯುವ ಸಾಲು ನಿಗದಿಯಾಗಿರುತ್ತದೆ, ಅಲ್ಲಿ ಕ್ರಮ ಬೇಕಾಗುವುದು ನಿಮ್ಮ ಕಣ್ಣಿಗೆ. ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಹಾಗಲ್ಲ. ಅಲ್ಲಿ ಪಿಕ್ಸೆಲ್‌ಗಳನ್ನೇ ನೇರವಾಗಿ ಬದಲಿಸುವ ಕೆಲಸ ಬಹಳ, ಹಿಂದುಮುಂದಾದರೆ ಫಲಿತಾಂಶವೇ ಬದಲಾಗುತ್ತದೆ.

ಇನ್ನೊಂದು ಮಾತು. ಪರದೆ ನೋಡುತ್ತ ಕೂತಷ್ಟೂ ಕಣ್ಣು ಅಲ್ಲಿನ ಬಣ್ಣಕ್ಕೆ ಒಗ್ಗಿಕೊಳ್ಳುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಹತ್ತು ನಿಮಿಷ ಹೊರಗೆ ನೋಡಿ ಬನ್ನಿ. ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಅತಿಯಾಗಿದ್ದರೆ ವಾಪಸು ಬಂದ ಮೊದಲ ಕ್ಷಣದಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಸೂರ್ಯನ ಸುತ್ತ, ಬಿಳಿ ಮೋಡದ ನಡುವೆ ಗುಲಾಬಿ ಕಲೆ ಬರುತ್ತದೆ. ಹೈಲೈಟ್ ಇಳಿಸಿದಷ್ಟೂ ಹೆಚ್ಚಾಗುತ್ತದೆ. ಫೈಲೇ ಹಾಳಾಗಿದೆಯೇ?

ಉತ್ತರ: ಫೈಲ್ ಹಾಳಾಗಿಲ್ಲ. ಆ ಜಾಗದಲ್ಲಿ ಸೆನ್ಸರ್ ತುಂಬಿ ತುಳುಕಿದೆ, ಅಷ್ಟೆ. ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಚಾನೆಲ್‌ಗಳಲ್ಲಿ ಹಗಲು ಬೆಳಕಿನಲ್ಲಿ ಸಾಮಾನ್ಯವಾಗಿ ಹಸಿರು ಎಲ್ಲಕ್ಕಿಂತ ಮೊದಲು ತುಂಬುತ್ತದೆ. ಬಿಳಿಯನ್ನು ಬಿಳಿಯಾಗಿ ತೋರಿಸಲು ವೈಟ್ ಬ್ಯಾಲೆನ್ಸ್ ಕೆಂಪನ್ನೂ ನೀಲಿಯನ್ನೂ ಗುಣಿಸಿ ಹೆಚ್ಚಿಸುತ್ತದೆ. ಉದಾಹರಣೆಗೆ ಕೆಂಪು 2 ಪಟ್ಟು, ನೀಲಿ 1.5 ಪಟ್ಟು, ಹಸಿರು ಇದ್ದಷ್ಟೇ ಎಂದಿಟ್ಟುಕೊಳ್ಳಿ. ಮೂರೂ ಚಾನೆಲ್ ತುಂಬಿಹೋದ ಜಾಗದಲ್ಲಿ ಮೂರರ ಅಳತೆಯೂ ಒಂದೇ, 100 ಎನ್ನೋಣ. ಗುಣಿಸಿದ ಮೇಲೆ ಕೆಂಪು 200, ಹಸಿರು 100, ನೀಲಿ 150. ಹಸಿರು ಕಡಿಮೆಯಾದ ಬಿಳಿ ಕಣ್ಣಿಗೆ ಗುಲಾಬಿಯಾಗಿ ಕಾಣುತ್ತದೆ. ನೂರರ ಮೇಲಿನದ್ದನ್ನೆಲ್ಲ ಸಾಫ್ಟ್‌ವೇರ್ ಕತ್ತರಿಸುತ್ತಿರುವಷ್ಟು ಹೊತ್ತು ಇದು ಬಿಳಿಯಾಗಿಯೇ ತೋರುತ್ತಿರುತ್ತದೆ. ನೀವು ಹೈಲೈಟ್ ಇಳಿಸಿದಾಗ ಆ ಮೇಲಿನ ಭಾಗ ಕೆಳಗೆ ಬಂದು ಅಡಗಿದ್ದ ಬಣ್ಣ ಹೊರಬೀಳುತ್ತದೆ.

ಪರಿಹಾರ ಹೈಲೈಟ್ ರೀಕನ್‌ಸ್ಟ್ರಕ್ಷನ್‌ನಲ್ಲಿದೆ, ಅಂದರೆ ತುಂಬಿಹೋದ ಭಾಗವನ್ನು ಅಂದಾಜಿನಿಂದ ಮರಳಿ ಕಟ್ಟುವುದರಲ್ಲಿ. ಡಾರ್ಕ್‌ಟೇಬಲ್‌ನಲ್ಲಿ ಇದೇ ಹೆಸರಿನ ಮಾಡ್ಯೂಲ್ ಇದೆ, ರಾಥೆರಪಿ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಪೋಶರ್ ಟ್ಯಾಬ್‌ನೊಳಗೆ ಸಿಗುತ್ತದೆ. ಅಲ್ಲಿನ ವಿಧಾನಗಳನ್ನು ಒಂದೊಂದಾಗಿ ಹಾಕಿ ನೋಡಿ. ಒಂದು ಚಾನೆಲ್ ಮಾತ್ರ ತುಂಬಿದ್ದರೆ ಉಳಿದೆರಡರ ಆಧಾರದಲ್ಲಿ ಮೋಡದ ಆಕಾರ ಚೆನ್ನಾಗಿಯೇ ಮರಳಿ ಬರುತ್ತದೆ. ಮೂರೂ ತುಂಬಿದ್ದರೆ ಅಲ್ಲಿ ವಿವರವೇ ದಾಖಲಾಗಿಲ್ಲ. ಅದನ್ನು ಬೂದು ಬಣ್ಣಕ್ಕೆ ಇಳಿಸಿ ‘ಉಳಿಸಿದೆ’ ಅನ್ನುವುದಕ್ಕಿಂತ ಬಿಳಿಯಾಗಿಯೇ ಬಿಡುವುದು ಲೇಸು. ಸೂರ್ಯ ಬಿಳಿಯಾಗಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ, ಬೂದು ಸೂರ್ಯ ಮಾತ್ರ ಎಲ್ಲರ ಕಣ್ಣಿಗೂ ಚುಚ್ಚುತ್ತದೆ.

ಯಾವ ವಿಧಾನ ಹಾಕಿದರೂ ಗುಲಾಬಿ ಹೋಗದಿದ್ದರೆ ಬಿಳಿಯ ಮಟ್ಟ, ಅಂದರೆ ಸೆನ್ಸರ್ ತುಂಬಿತೆಂದು ಸಾಫ್ಟ್‌ವೇರ್ ಎಣಿಸುವ ಅಂಕಿ, ತಪ್ಪಾಗಿರಬಹುದು. 14 ಬಿಟ್ ಫೈಲ್‌ನಲ್ಲಿ ಮೇಲಿನ ಮಿತಿ 16,383. ಆದರೆ ಕ್ಯಾಮರಾದ ಸೆನ್ಸರ್ ಅದಕ್ಕಿಂತ ಕೆಳಗೇ ತುಂಬಿಬಿಟ್ಟಿರಬಹುದು, ಆಗ ಅಲ್ಲಿ ತುಂಬಿದೆ ಎಂಬುದೇ ಸಾಫ್ಟ್‌ವೇರ್‌ಗೆ ತಿಳಿಯುವುದಿಲ್ಲ. ಡಾರ್ಕ್‌ಟೇಬಲ್‌ನ ರಾ ಬ್ಲ್ಯಾಕ್/ವೈಟ್ ಪಾಯಿಂಟ್ ಮಾಡ್ಯೂಲ್‌ನಲ್ಲಿ ಬಿಳಿಯ ಅಂಕಿಯನ್ನು ಐವತ್ತು ಐವತ್ತರಂತೆ ಇಳಿಸುತ್ತ ಹೋಗಿ. ಗುಲಾಬಿ ಮಾಯವಾದಲ್ಲಿ ನಿಲ್ಲಿಸಿ.

ಪ್ರಶ್ನೆ: ನೆರಳಿನ ಭಾಗ ಎತ್ತಿದರೆ ಮರಳು ಎರಚಿದಂತೆ ನಾಯ್ಸ್ ಬರುತ್ತದೆ. ಅದೇ ಫೈಲ್‌ನಲ್ಲಿ ಬೇರೆಯವರ ಚಿತ್ರ ನುಣುಪಾಗಿದೆ.

ಉತ್ತರ: ನಾಯ್ಸ್ ಅವರ ಫೈಲ್‌ನಲ್ಲೂ ಅಷ್ಟೇ ಇದೆ. ಬೆಳಕಿನ ಕಣಗಳು ಒಂದೇ ಸಮನೆ ಬೀಳುವುದಿಲ್ಲ. 10,000 ಕಣ ಬಿದ್ದ ಪಿಕ್ಸೆಲ್‌ನಲ್ಲಿ ಏರಿಳಿತ ಸುಮಾರು 100, ಅಂದರೆ ಶೇ 1. ನೂರೇ ಕಣ ಬಿದ್ದಲ್ಲಿ ಏರಿಳಿತ 10, ಅಂದರೆ ಶೇ 10. ಕತ್ತಲಿನ ಪಿಕ್ಸೆಲ್ ಹುಟ್ಟಿನಿಂದಲೇ ಒರಟು, ನೀವು ಎತ್ತಿದಾಗ ಅದು ಕಾಣಿಸಿಕೊಳ್ಳುತ್ತದೆ. ಚೆನ್ನಾಗಿ ಮಾಡಿದವರು ಮೂರು ಕೆಲಸ ಮಾಡಿರುತ್ತಾರೆ. ನೆರಳನ್ನು ಅಗತ್ಯಕ್ಕಿಂತ ಎತ್ತಿಲ್ಲ. ಬಣ್ಣದ ನಾಯ್ಸ್ ಅನ್ನು, ಅಂದರೆ ಕೆಂಪು-ಹಸಿರು ಚುಕ್ಕೆಗಳನ್ನು, ಪೂರ್ತಿ ತೆಗೆದು ಬೆಳಕಿನ ಒರಟನ್ನು ಅಲ್ಪಸ್ವಲ್ಪ ಬಿಟ್ಟಿದ್ದಾರೆ. ಹಾಗೆ ಬಿಡದಿದ್ದರೆ ಚರ್ಮ, ಹುಲ್ಲು ಎಲ್ಲ ಮೇಣದಂತೆ ಆಗುತ್ತವೆ. ಜೊತೆಗೆ ಶಾರ್ಪನಿಂಗ್ ನೆರಳಿನ ಭಾಗಕ್ಕೆ ತಾಗದಂತೆ ಮಾಸ್ಕ್ ಹಾಕಿದ್ದಾರೆ.

ಪ್ರಶ್ನೆ: ಆಕಾಶದ ಎದುರು ನಿಂತ ಮರದ ಸುತ್ತ ಬಿಳಿ ಗೆರೆ ಬರುತ್ತದೆ.

ಉತ್ತರ: ಇದನ್ನು ಹೇಲೋ ಅನ್ನುತ್ತಾರೆ. ಕಾರಣ ಮೂರರಲ್ಲಿ ಒಂದು: ಕ್ಲಾರಿಟಿ (ಅಕ್ಕಪಕ್ಕದ ಜಾಗಗಳ ನಡುವಿನ ಕಾಂಟ್ರಾಸ್ಟ್ ಹೆಚ್ಚಿಸುವ ಸ್ಲೈಡರ್) ಅತಿಯಾಗಿದೆ, ಶಾರ್ಪನಿಂಗ್‌ನ ರೇಡಿಯಸ್ (ಅಂಚಿನಿಂದ ಎಷ್ಟು ದೂರ ಹರಡುತ್ತದೆ ಎಂಬ ಅಳತೆ) ದೊಡ್ಡದಾಗಿದೆ, ಇಲ್ಲವೇ ಆಕಾಶದ ಮಾಸ್ಕ್ ಮರದ ಅಂಚಿಗೆ ಸರಿಯಾಗಿ ಕೂತಿಲ್ಲ. ಒಂದೊಂದನ್ನೇ ಆಫ್ ಮಾಡಿ, ಶೇ 100ರ ಝೂಮ್‌ನಲ್ಲಿ ನೋಡಿದರೆ ಯಾವುದೆಂದು ತಕ್ಷಣ ಸಿಗುತ್ತದೆ. ಪರದೆಗೆ ಮಾಡುವ ಚಿತ್ರಕ್ಕೆ ರೇಡಿಯಸ್ 0.5ರಿಂದ 0.8 ಪಿಕ್ಸೆಲ್ ಸಾಕು. ಮಾಸ್ಕ್‌ನದೇ ತೊಂದರೆಯಾದರೆ ಎಲೆಗಳ ಅಂಚಿನಲ್ಲಿ ಬ್ರಷ್ ಎಳೆಯುತ್ತ ಕೂರಬೇಡಿ. ನೀಲಿ ಆಕಾಶವಾದರೆ ನೀಲಿ ಚಾನೆಲ್‌ನ ಹೊಳಪನ್ನೇ ಮಾಸ್ಕ್ ಆಗಿ ಬಳಸಿ. ಅಲ್ಲಿ ಆಕಾಶ ಬೆಳ್ಳಗೆ, ಎಲೆ ಕಪ್ಪಗೆ ಇರುವುದರಿಂದ ಎಲೆ ಎಲೆಯ ಅಂಚೂ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಪ್ರಶ್ನೆ: ಕಪ್ಪು-ಬಿಳುಪು ಮಾಡಿದರೆ ಕೆಂಪು ಹೂವು, ಹಸಿರು ಎಲೆ ಎರಡೂ ಒಂದೇ ಬೂದು ಬಣ್ಣ ಆಗುತ್ತವೆ.

ಉತ್ತರ: ಸ್ಯಾಚುರೇಶನ್ ಸೊನ್ನೆ ಮಾಡಿ ಮುಗಿಸಿದ್ದೀರಿ. ಕಣ್ಣಿಗೆ ಎರಡನ್ನೂ ಬೇರೆ ಮಾಡುತ್ತಿದ್ದದ್ದು ಬಣ್ಣ, ಹೊಳಪಲ್ಲ. ಚಾನೆಲ್ ಮಿಕ್ಸರ್‌ನಲ್ಲಿ ಕಪ್ಪು-ಬಿಳುಪು ಆರಿಸಿ ಕೆಂಪನ್ನು 0.7, ಹಸಿರನ್ನು 0.2, ನೀಲಿಯನ್ನು 0.1 ಇಡಿ. ಹೂವು ಬೆಳ್ಳಗಾಗಿ ಎಲೆಯಿಂದ ಎದ್ದು ಬರುತ್ತದೆ. ಮೂರರ ಮೊತ್ತ 1 ಇದ್ದರೆ ಒಟ್ಟು ಹೊಳಪು ಹೆಚ್ಚು ಏರುಪೇರಾಗುವುದಿಲ್ಲ.

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿ ಬಣ್ಣ ಕಳೆಕಳೆಯಾಗಿರುತ್ತದೆ. ಅಪ್‌ಲೋಡ್ ಮಾಡಿ ಫೋನಿನಲ್ಲಿ ನೋಡಿದರೆ ಬಾಡಿದಂತೆ ಕಾಣುತ್ತದೆ. ಕತ್ತಲೂ ಹೆಚ್ಚು.

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಬಾಡುವುದು ಕಲರ್ ಪ್ರೊಫೈಲ್‌ನಿಂದ, ಅಂದರೆ ಫೈಲ್‌ನ ಅಂಕಿಗಳು ಯಾವ ಬಣ್ಣ ಎಂದು ಹೇಳುವ ಚೀಟಿಯಿಂದ. ಹೆಚ್ಚು ಬಣ್ಣ ಹಿಡಿಯುವ ಅಡೋಬಿ ಆರ್‌ಜಿಬಿ ಅಥವಾ ಪ್ರೊಫೋಟೋ ಆರ್‌ಜಿಬಿಯಲ್ಲಿ ಎಕ್ಸ್‌ಪೋರ್ಟ್ ಮಾಡಿದ ಚಿತ್ರದ ಪ್ರೊಫೈಲನ್ನು ಆ್ಯಪ್ ಓದದಿದ್ದರೆ ಅಥವಾ ಅಪ್‌ಲೋಡ್ ಆಗುವಾಗ ಅದು ಕಳಚಿಹೋದರೆ, ಅಂಕಿಗಳನ್ನು ವೆಬ್‌ನಲ್ಲಿ ಸಾಮಾನ್ಯವಾದ ಎಸ್‌ಆರ್‌ಜಿಬಿ ಎಂದೇ ಓದಿಕೊಂಡು ಬಣ್ಣ ಸಪ್ಪೆಯಾಗುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಪ್ರೊಫೈಲನ್ನು ಫೈಲ್‌ನೊಳಗೇ ಸೇರಿಸಿ. ಗಮನಿಸಿ, ‘ಪರಿವರ್ತಿಸು’ ಬೇರೆ, ‘ಪ್ರೊಫೈಲ್ ನಿಗದಿಪಡಿಸು’ ಬೇರೆ. ಎರಡನೆಯದು ಅಂಕಿಗಳನ್ನು ಮುಟ್ಟದೆ ಬರೀ ಚೀಟಿ ಬದಲಿಸುತ್ತದೆ, ಬಣ್ಣ ಕೆಡುವುದೇ ಅಲ್ಲಿ.

ಕತ್ತಲಾಗುವುದಕ್ಕೆ ಕಾರಣ ನಿಮ್ಮ ಮಾನಿಟರ್ ಅತಿ ಪ್ರಕಾಶದಲ್ಲಿರುವುದು. ಪರದೆ ಕಣ್ಣು ಕೋರೈಸುವಾಗ ಚಿತ್ರವನ್ನು ನಿಮಗರಿವಿಲ್ಲದೆ ಕೆಳಗಿಳಿಸಿರುತ್ತೀರಿ. ಮಾಮೂಲಿ ಬೆಳಕಿನ ಕೋಣೆಯಲ್ಲಿ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಸಾಕು. ಅಳೆಯುವ ಸಾಧನ ಇಲ್ಲದಿದ್ದರೆ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು ಪಕ್ಕದಲ್ಲೊಂದು ಬಿಳಿ ಹಾಳೆ ಹಿಡಿಯಿರಿ, ಎರಡೂ ಹೆಚ್ಚುಕಡಿಮೆ ಒಂದೇ ಹೊಳಪಿನಲ್ಲಿ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ರಾತ್ರಿ ಪರದೆಯನ್ನು ಹಳದಿಯಾಗಿಸುವ ನೈಟ್ ಲೈಟ್ ಆಫ್ ಆಗಿದೆಯೇ ಎಂದೂ ನೋಡಿ. ರಾತ್ರಿ ಕೂತು ಎಡಿಟ್ ಮಾಡುವವರ ಚಿತ್ರ ಬೆಳಗ್ಗೆ ನೀಲಿಯಾಗಿ ಕಾಣುವುದು ಬಹುಪಾಲು ಇದರಿಂದಲೇ.

ಉದ್ದದ ಬದಿ 2048 ಪಿಕ್ಸೆಲ್, ಜೆಪೆಗ್ ಗುಣಮಟ್ಟ 90 ಇಟ್ಟರೆ ನೋಡಲು ಸಾಕಷ್ಟಾಯಿತು. ಚಿಕ್ಕದು ಮಾಡಿದ ಮೇಲೆ ಇನ್ನೊಮ್ಮೆ ಹಗುರಾಗಿ ಶಾರ್ಪನ್ ಮಾಡಿ, ಗಾತ್ರ ಇಳಿಸುವಾಗ ಅಂಚುಗಳು ಮೆತ್ತಗಾಗಿರುತ್ತವೆ.

ಪ್ರಶ್ನೆ: ನನ್ನಲ್ಲಿ ಫೋನ್ ಮಾತ್ರ ಇದೆ, ಜೆಪೆಗ್ ಮೇಲೆ ಕೆಲಸ ಮಾಡಬಹುದೇ?

ಉತ್ತರ: ಧಾರಾಳವಾಗಿ. ಜೆಪೆಗ್‌ನಲ್ಲಿ ಪ್ರತಿ ಚಾನೆಲ್‌ಗೆ 256 ಮೆಟ್ಟಿಲು, 14 ಬಿಟ್ ರಾ ಫೈಲ್‌ನಲ್ಲಿ 16,384. ಹಾಗಾಗಿ ಆಕಾಶದಂಥ ನುಣುಪು ಜಾಗವನ್ನು ಜೋರಾಗಿ ಎಳೆದರೆ ಪಟ್ಟೆ ಪಟ್ಟೆ ಬೀಳುತ್ತದೆ. ಬಿದ್ದರೆ ಒಂಚೂರು ಗ್ರೇನ್ (ಸಣ್ಣ ಚುಕ್ಕೆಗಳ ಒರಟು) ಸೇರಿಸಿ, ಪಟ್ಟೆ ಕಣ್ಣಿಗೆ ಕಾಣದಾಗುತ್ತದೆ. ಕ್ರಾಪ್, ಕಪ್ಪು-ಬಿಳುಪು, ಮಿತವಾದ ಬಣ್ಣದ ಕೆಲಸಕ್ಕೆ ಜೆಪೆಗ್ ಯಾವ ಅಡ್ಡಿಯನ್ನೂ ಮಾಡುವುದಿಲ್ಲ.

ಪ್ರಶ್ನೆ: ಈ ಸಲ ಗೆದ್ದಿದ್ದೇನೆ, ಮುಂದಿನ ಫೈಲ್ ನಾನು ಕೊಡಬೇಕು. ಎಂಥದ್ದು ಕೊಡಲಿ? ಏನೇನು ಎಚ್ಚರ ಬೇಕು?

ಉತ್ತರ: ನಿಮ್ಮ ಅತ್ಯುತ್ತಮ ಫೋಟೋ ಕೊಡಬೇಡಿ. ಎಲ್ಲ ಸರಿಯಿರುವ ಫೈಲ್‌ಗೆ ಒಂದೇ ಉತ್ತರ, ಎಲ್ಲರ ಚಿತ್ರವೂ ಅವಳಿ-ಜವಳಿಯಾಗುತ್ತದೆ. ಎರಡು ಮೂರು ರೀತಿ ಓದಬಹುದಾದ ಫೈಲ್ ಆರಿಸಿ: ಬೆಳಕು-ನೆರಳಿನ ಅಂತರ ದೊಡ್ಡದಿರಲಿ, ಕ್ರಾಪ್ ಮಾಡಲು ಸುತ್ತ ಜಾಗವಿರಲಿ, ಫೋಕಸ್ ಮಾತ್ರ ಸರಿಯಾಗಿರಲಿ. ತಪ್ಪಿದ ಫೋಕಸನ್ನು ಎಡಿಟಿಂಗ್‌ನಲ್ಲಿ ತರಲಾಗದು. ರಾ ಜೊತೆಗೆ ಪೂರ್ಣ ಗಾತ್ರದ ಜೆಪೆಗ್ ಕೂಡ ಕೊಟ್ಟರೆ ಫೋನಿನವರಿಗೂ ಜಾಗ ಸಿಗುತ್ತದೆ. ಕ್ಯಾಮರಾ ತೀರಾ ಹೊಸದಾದರೆ ಹಳೆಯ ಸಾಫ್ಟ್‌ವೇರ್ ಅದರ ರಾ ಫೈಲ್ ತೆರೆಯದಿರಬಹುದು, ಡಿಎನ್‌ಜಿ ಎಂಬ ಸಾರ್ವತ್ರಿಕ ರಾ ರೂಪಕ್ಕೆ ಬದಲಿಸಿ ಕೊಡಿ.

ಕೊಡುವ ಮೊದಲು ಫೈಲ್‌ನೊಳಗಿನ ಜಿಪಿಎಸ್ ವಿವರ ತೆಗೆಯಿರಿ. ಮನೆಯ ಹತ್ತಿರ ತೆಗೆದ ಫೋಟೋದಲ್ಲಿ ನಿಮ್ಮ ಮನೆಯ ಜಾಗವೇ ಇರುತ್ತದೆ. ಗುರುತು ಸಿಗುವ ಮುಖವಿದ್ದರೆ ಅವರ ಒಪ್ಪಿಗೆ ಬೇಕು. ಫೋಟೋಗೆ ಒಪ್ಪಿದವರು ಹತ್ತಾರು ಅಪರಿಚಿತರು ತಮ್ಮ ಮುಖ ತಿದ್ದುವುದಕ್ಕೂ ಒಪ್ಪಿದ್ದಾರೆ ಎಂದು ಅರ್ಥವಲ್ಲ, ಅದನ್ನು ಬಿಡಿಸಿ ಕೇಳಿ. ಲೈಸೆನ್ಸ್ ಬರೆದೇ ಕೊಡಿ. ಮುಕ್ತ ಹಂಚಿಕೆಯ ಲೈಸೆನ್ಸ್‌ಗಳಾದ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ‘ನೋ ಡೆರಿವೇಟಿವ್ಸ್’ ಇರುವುದನ್ನು ಆರಿಸಿದರೆ ಎಡಿಟ್ ಮಾಡಿದ್ದನ್ನು ಯಾರೂ ಹಂಚುವಂತಿಲ್ಲ, ಸವಾಲೇ ನಿಂತುಹೋಗುತ್ತದೆ. ಹೆಸರು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು, ಅದೇ ಷರತ್ತಿನಲ್ಲಿ ಹಂಚಬೇಕು ಎನ್ನುವ ಬಿವೈ-ಎನ್‌ಸಿ-ಎಸ್‌ಎ ಈ ಕೆಲಸಕ್ಕೆ ಒಪ್ಪುತ್ತದೆ. ಆಕಾಶ ಬದಲಿಸುವುದು, ಎಐನಿಂದ ಹೊಸ ವಸ್ತು ಸೇರಿಸುವುದು ನಡೆಯುತ್ತದೆಯೇ ಇಲ್ಲವೇ ಎಂಬುದನ್ನೂ ಮೊದಲ ದಿನವೇ ಹೇಳಿಬಿಡಿ. ಮತ ಬಿದ್ದ ಮೇಲೆ ಹೇಳಿದ ನಿಯಮ ಮನಸ್ತಾಪಕ್ಕೆ ದಾರಿ.

ಪ್ರಶ್ನೆ: ಬೇರೆಯವರ ಚಿತ್ರಕ್ಕೆ ‘ಚೆನ್ನಾಗಿದೆ’ ಬಿಟ್ಟು ಏನು ಬರೆಯುವುದು?

ಉತ್ತರ: ‘ಇನ್ನೂ ಸ್ವಲ್ಪ ಬೇಕಿತ್ತು’ ಅನ್ನುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ಯಾರಿಗೂ ಉಪಯೋಗವಿಲ್ಲ. ಜಾಗ ತೋರಿಸಿ, ಕಂಡದ್ದನ್ನು ಹೇಳಿ. ‘ಬಲಮೂಲೆಯ ಬಿಳಿ ಕಲ್ಲು ದೋಣಿಗಿಂತ ಹೊಳೆಯುತ್ತಿದೆ, ನನ್ನ ಕಣ್ಣು ಮೊದಲು ಅಲ್ಲಿಗೆ ಹೋಯಿತು’ ಎಂದರೆ ಅವರು ಎರಡು ನಿಮಿಷದಲ್ಲಿ ಸರಿಮಾಡಿಕೊಳ್ಳುತ್ತಾರೆ. ಮೆಚ್ಚಿದ್ದನ್ನೂ ಹೀಗೇ ಬಿಡಿಸಿ ಹೇಳಿ. ಮತ ಹಾಕುವವರೆಗೂ ಹೆಸರು ಮುಚ್ಚಿಟ್ಟರೆ ಹೊಸಬರ ಚಿತ್ರಕ್ಕೂ ಸಮಾನ ಗಮನ ಸಿಗುತ್ತದೆ.

ನಿಮ್ಮ ಚಿತ್ರದ ಜೊತೆ ಹಂತಗಳನ್ನೂ ಹಾಕಿ. ಡಾರ್ಕ್‌ಟೇಬಲ್ ಬಳಸುವವರು ಎಕ್ಸ್‌ಎಂಪಿ ಸೈಡ್‌ಕಾರ್ ಫೈಲ್ (ಎಡಿಟ್‌ನ ಹಂತಗಳನ್ನು ಬರೆದಿಡುವ ಪುಟ್ಟ ಫೈಲ್) ಕೊಟ್ಟರೆ ಸಾಕು, ಇನ್ನೊಬ್ಬರು ಅದನ್ನು ಅದೇ ರಾ ಫೈಲ್‌ಗೆ ಲೋಡ್ ಮಾಡಿ ಪ್ರತಿ ಮಾಡ್ಯೂಲನ್ನೂ ಆರಿಸಿ, ಹಚ್ಚಿ ನೋಡಬಹುದು. ಅಡೋಬಿಯ ಲೈಟ್‌ರೂಮ್ ಸಾಫ್ಟ್‌ವೇರ್‌ನ ಎಕ್ಸ್‌ಎಂಪಿ ಡಾರ್ಕ್‌ಟೇಬಲ್‌ನಲ್ಲಿ ಹೆಚ್ಚೇನೂ ಕೆಲಸ ಮಾಡದು, ಡಾರ್ಕ್‌ಟೇಬಲ್‌ನದು ಲೈಟ್‌ರೂಮ್‌ನಲ್ಲಿ ನಡೆಯದು. ಆದ್ದರಿಂದ ಬೇರೆ ಸಾಫ್ಟ್‌ವೇರ್‌ನವರಿಗಾಗಿ ಮುಖ್ಯವಾದ ಮೂರು ನಾಲ್ಕು ಹೆಜ್ಜೆಗಳನ್ನು, ಅಂಕಿಗಳ ಸಮೇತ, ಮಾತಿನಲ್ಲೇ ಬರೆದುಬಿಡಿ.