ಮರೆತವರೆಲ್ಲ ಮುನಿದವರಲ್ಲ

ಪ್ರಿಯ ಸೋದರಿ,

ನಿಮ್ಮ ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುವೆನೆಂದಿದ್ದ ತಂಗಿ ಅದನ್ನು ಮರೆತಳೆಂದೂ, ‘ಮನಸ್ಸಿಗೆ ಬೇಡವಾದದ್ದೇ ಮರೆತುಹೋಗುತ್ತದೆ’ ಎಂದು ಎಲ್ಲೋ ಓದಿದ ಮೇಲೆ ಅವಳೊಡನೆ ಮಾತು ಬಿಟ್ಟಿರುವಿರೆಂದೂ ಬರೆದಿದ್ದೀರಿ. ಅಷ್ಟು ನೋವನ್ನು ಒಂದು ಕಟುಮಾತೂ ಇಲ್ಲದೆ ಬರೆದ ನಿಮ್ಮ ಸಂಯಮ ದೊಡ್ಡದು. ಆದರೆ ನಿಮ್ಮ ತೀರ್ಪನ್ನು ನಾನು ಒಪ್ಪಲಾರೆ.

ಆ ಮಾತಿನ ಹಿಂದಿರುವವರು ಮನೋವಿಶ್ಲೇಷಣೆಗೆ ಬುನಾದಿ ಹಾಕಿದ ವೈದ್ಯ ಸಿಗ್ಮಂಡ್ ಫ್ರಾಯ್ಡ್. ದಿನನಿತ್ಯದ ಮರೆವಿನ ಹಿಂದೆ ಅದುಮಿಟ್ಟ ಬಯಕೆಗಳಿರಬಹುದೆಂದು ಅವರು 1901ರಲ್ಲಿ ವಾದಿಸಿದರು. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಇಂಥ ಯಾವ ಒಳಕಾರಣವೂ ಇಲ್ಲದ ಸರಳ ಮರೆವು ಉಂಟೆಂದು ಫ್ರಾಯ್ಡ್ ಅವರೇ ಒಪ್ಪಿದ್ದರು. ಅವರ ಹೆಸರು ಹೇಳಿ ತೀರ್ಪು ಕೊಡುವವರು ಆ ಮಾತನ್ನೇ ಬಿಟ್ಟುಬಿಡುತ್ತಾರೆ.

ಅವರಿಗಿಂತ ಮೊದಲೇ, 1885ರಲ್ಲಿ, ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಗಂಟೆಯಲ್ಲಿ ಜಾರಿಹೋಗುತ್ತದೆಂದೂ ಆಮೇಲೆ ಜಾರುವ ವೇಗ ತಗ್ಗುತ್ತದೆಂದೂ ಅಳೆದು ತೋರಿಸಿದ್ದರು. ಆ ಅಕ್ಷರಗಳ ಮೇಲೆ ಅವರಿಗೇನು ಮುನಿಸಿತ್ತು?

ಎಷ್ಟೋ ಸಲ ನೆನಪು ಅಳಿದಿರುವುದಿಲ್ಲ, ಅದನ್ನು ಎಬ್ಬಿಸುವ ಸುಳಿವು ಸಿಕ್ಕಿರುವುದಿಲ್ಲ. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಎಂಬ ಮನಶ್ಶಾಸ್ತ್ರಜ್ಞರು ಮುಳುಗುಗಾರರಿಗೆ ಪದಗಳನ್ನು ಕಲಿಸಿದಾಗ, ನೀರಿನಡಿ ಕಲಿತದ್ದು ನೀರಿನಡಿಯಲ್ಲೂ ದಡದಲ್ಲಿ ಕಲಿತದ್ದು ದಡದಲ್ಲೂ ಹೆಚ್ಚು ನೆನಪಾಯಿತು. ಏನನ್ನೋ ತರಲೆಂದು ಕೋಣೆಗೆ ಹೋಗಿ, ಯಾಕೆ ಬಂದೆನೆಂದು ತಿಳಿಯದೆ ನಿಂತು, ಹೊರಟ ಜಾಗಕ್ಕೆ ಮರಳಿದೊಡನೆ ನೆನಪಾಗುವುದು ನಿಮಗೂ ಆಗಿರಬೇಕು. ಇನ್ನು ‘ನಾಳೆ ಇಷ್ಟು ಗಂಟೆಗೆ ಇದನ್ನು ಮಾಡಬೇಕು’ ಎಂಬ ನೆನಪು ಬಲು ದುರ್ಬಲ: ಕಣ್ಣೆದುರು ಯಾವ ಗುರುತೂ ಇಲ್ಲದೆ, ಕೈಯಲ್ಲಿರುವ ಕೆಲಸದ ನಡುವೆ ಅದು ತಾನಾಗಿಯೇ ಏಳಬೇಕು.

ಇದನ್ನು ನಾನು ಅನುಭವಿಸಿಯೇ ಹೇಳುತ್ತಿದ್ದೇನೆ. ಗೆಳೆಯರೊಬ್ಬರು ಆಸೆಯಿಂದ ಕೊಟ್ಟ ಹಸ್ತಪ್ರತಿಯನ್ನು, ಬಿಡುವಾಗಿ ಓದೋಣವೆಂದು ಮೇಜಿನ ಖಾನೆಯಲ್ಲಿಟ್ಟು ತಿಂಗಳುಗಟ್ಟಲೆ ಮರೆತಿದ್ದೆ. ಮೇಜು ಸರಿಸುವಾಗ ಖಾನೆ ತೆರೆದುಕೊಂಡು ಆ ಓರೆ ಅಕ್ಷರ ಕಂಡ ಕ್ಷಣವೇ, ಕೊಡುವಾಗ ಅವರ ಮುಖದಲ್ಲಿದ್ದ ಸಂಕೋಚದವರೆಗೆ ಎಲ್ಲವೂ ಮರಳಿ ಬಂತು. ಅಷ್ಟರಲ್ಲಿ ಅವರು, ಬರಹ ನನಗೆ ಹಿಡಿಸಲಿಲ್ಲವೆಂದು ತೀರ್ಮಾನಿಸಿ ಬರೆಯುವುದನ್ನೇ ನಿಲ್ಲಿಸಿದ್ದರು.

ಮನಶ್ಶಾಸ್ತ್ರದ ಒಂದು ಸಾಲನ್ನು ಹಿಡಿದು ಇನ್ನೊಬ್ಬರ ಎದೆಯೊಳಗನ್ನು ಓದಿಬಿಡುವ ಈ ಚಾಳಿ ಎಷ್ಟು ಮನೆಗಳನ್ನು ಕೆಡಿಸಿದೆಯೋ! ಮರೆತ ಮಗುವಿಗೆ ‘ನಿನಗೆ ಓದಿನಲ್ಲಿ ಆಸಕ್ತಿಯಿಲ್ಲ’ ಎನ್ನುತ್ತೇವೆ, ಮರೆತ ಸಂಗಾತಿಗೆ ‘ನಿನಗೆ ಪ್ರೀತಿಯಿಲ್ಲ’ ಎನ್ನುತ್ತೇವೆ. ನಮ್ಮ ಮರೆವಿಗೆ ಮಾತ್ರ ಕೆಲಸದ ಒತ್ತಡ ಕಾರಣವಾಗುತ್ತದೆ.

ನಿಮ್ಮ ಪತ್ರದ ಕೊನೆಯ ಪುಟವನ್ನು ನೀವೇ ಇನ್ನೊಮ್ಮೆ ಓದಬೇಕು. ಅಂದು ಸಂಜೆ ತಂಗಿ ಅಳುತ್ತ ಫೋನ್ ಮಾಡಿದಳು, ನೀವು ‘ಪರವಾಗಿಲ್ಲ’ ಎಂದಷ್ಟೇ ಹೇಳಿ ಇಟ್ಟುಬಿಟ್ಟಿರಿ ಎಂದು ಅಲ್ಲಿದೆ. ಬೆಳಿಗ್ಗೆ ಹತ್ತಕ್ಕೆ ಅವಳ ಕೈಯಲ್ಲಿ ಏನು ಕೆಲಸವಿತ್ತೆಂದು ನೀವು ಈವರೆಗೆ ಕೇಳಿಲ್ಲ.

— ಸಂಪಾದಕ