ಬಂಡವಾಳಶಾಹಿಯ ಹಿಡಿತವನ್ನು ಪ್ರಶ್ನಿಸುವಲ್ಲಿ ಬುದ್ಧಿಜೀವಿಗಳ ಪಾತ್ರ ಏನು?

ದುಡ್ಡಿದ್ದವರ ಆಳ್ವಿಕೆ ಬರೀ ದುಡ್ಡಿನಿಂದ ನಡೆಯುವುದಿಲ್ಲ. ‘ಲೋಕ ಇರುವುದೇ ಹೀಗೆ’ ಎಂದು ದುಡಿಯುವವರೂ ನಂಬಬೇಕು. ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಗ್ರಾಮ್ಶಿ ಜೈಲಿನಲ್ಲಿ ಕೂತು ಬರೆದದ್ದು ಇದನ್ನೇ. ಆ ನಂಬಿಕೆಯನ್ನು ಅಲುಗಾಡಿಸುವುದು ಬುದ್ಧಿಜೀವಿಗಳ ಕೆಲಸ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯ ಕವಿ, ರೈತ ಹೋರಾಟಗಾರ ದಿನಕರ ದೇಸಾಯಿಯವರನ್ನೇ ನೋಡಿ. ಗೇಣಿದಾರ ಬೆಳೆದ ಭತ್ತ ಕೊಳಗದಲ್ಲಿ ಅಳೆದು ಒಡೆಯರ ಅಂಗಳ ಸೇರುತ್ತಿತ್ತು. ಅವನ ಮನೆಯಲ್ಲಿ ಗಂಜಿಗೂ ತತ್ವಾರ. ಅದು ಬಂಡವಾಳಶಾಹಿ ಅಲ್ಲ, ಜಮೀನ್ದಾರಿ, ನಿಜ. ಆದರೆ ಹಿಡಿತದ ರೀತಿ ಒಂದೇ. ದೇಸಾಯಿಯವರು ಇದು ಹಣೆಬರಹ ಅಲ್ಲ, ಅನ್ಯಾಯ ಅಂದರು. ರೈತಕೂಟ ಕಟ್ಟಿದರು, ಜಿಲ್ಲೆಯಿಂದಲೇ ಗಡಿಪಾರಾದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರು ಮಾಡಿ ಹಳ್ಳಿಗಳಿಗೆ ಹೈಸ್ಕೂಲು ತಂದರು. ನನಗೆ ಇದೇ ಜಾಸ್ತಿ ದೊಡ್ಡದು. ಗೇಣಿದಾರನ ಮಗಳೇ ಗೇಣಿ ಚೀಟಿ ಓದಿ ಲೆಕ್ಕ ಕೇಳುವಂತಾಗಬೇಕು, ಅಲ್ವಾ?

1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯವರು ಮರ ಅಪ್ಪಿಕೊಂಡು ಕಡಿತ ತಡೆದಾಗಲೂ ಓದಿದವರು ಊರವರ ಜೊತೆಗೇ ನಿಂತಿದ್ದರು.