ಅರ್ಬುತನಿಗೆ ಯಾವ ಸರ್ಟಿಫಿಕೇಟ್?

ಮಂಡ್ಯದ ಓದುಗರೊಬ್ಬರ ಪತ್ರ: “ರಜೆಯಲ್ಲಿ ಮೈಸೂರಿಗೆ ಬಂದಾಗ ಆರು ವರ್ಷದ ಮಗನನ್ನು ಮಾಲ್‌ನಲ್ಲಿ ಒಂದು ಇಂಗ್ಲಿಷ್ ಅನಿಮೇಷನ್ ಸಾಹಸ ಚಿತ್ರಕ್ಕೆ ಕರೆದುಕೊಂಡು ಹೋಗಿದ್ದೆ. ಕಾರ್ಟೂನ್ ತಾನೇ ಅಂದುಕೊಂಡೆ. ಮಧ್ಯದಲ್ಲಿ ದೊಡ್ಡ ಪ್ರಾಣಿಯೊಂದು ಬಂತು, ಹುಡುಗನ ಅಪ್ಪ ಸತ್ತುಹೋದ. ನನ್ನ ಮಗ ಕಿರುಚಿ ಅತ್ತ. ಮೂರು ರಾತ್ರಿ ಲೈಟ್ ಆರಿಸಲು ಬಿಡಲಿಲ್ಲ. ಈಗ ಗೋಡೆ ತುಂಬ ಅದೇ ಪ್ರಾಣಿಯನ್ನು ಗೀಚುತ್ತಿದ್ದಾನೆ. ಮಕ್ಕಳಿಗೆ ಯಾವ ಚಿತ್ರ ಸರಿ, ಯಾವುದು ಬೇಡ ಎಂದು ನಿಮ್ಮ ಪತ್ರಿಕೆ ತಿಂಗಳಿಗೊಂದು ಪಟ್ಟಿ ಕೊಡಬಾರದೇ?”

ಸಂಪಾದಕರ ಉತ್ತರ: ಮೂರು ರಾತ್ರಿ ನಿದ್ದೆಗೆಟ್ಟ ತಾಯಿಗೆ ಉಪದೇಶ ಮಾಡಬಾರದು. ಆದರೆ ಈ ವಿಷಯ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ. ಸ್ವಲ್ಪ ಜಾಸ್ತಿಯಾದರೆ ಸಹಿಸಿಕೊಳ್ಳಿ.

ಪಟ್ಟಿ ಕೇಳುವುದು ತಪ್ಪಲ್ಲ. ಸರ್ಕಾರವೇ ಒಂದು ಮಾಡಿಟ್ಟಿದೆ. ಎಲ್ಲರೂ ನೋಡಬಹುದಾದ ‘ಯು’ ಮತ್ತು ದೊಡ್ಡವರಿಗಷ್ಟೇ ಇರುವ ‘ಎ’ ಸರ್ಟಿಫಿಕೇಟ್‌ಗಳ ನಡುವೆ 1983ರಲ್ಲಿ ‘ಯುಎ’ ಬಂತು. 2023ರ ತಿದ್ದುಪಡಿ ಅದನ್ನು 7+, 13+, 16+ ಎಂದು ಮೂರಾಗಿ ಒಡೆಯಿತು. ಇದು ಹೆತ್ತವರಿಗೆ ಸೂಚನೆ ಮಾತ್ರ, ಗೇಟಿನಲ್ಲಿ ನಿಮ್ಮ ಮಗನ ವಯಸ್ಸು ಕೇಳಿ ಯಾರೂ ತಡೆಯುವುದಿಲ್ಲ. ಟಿಕೆಟ್ ತೆಗೆಯುವ ಮುಂಚೆ ಅದನ್ನು ನೋಡಿಕೊಳ್ಳಿ. ಪಟ್ಟಿಯ ಪರವಾಗಿ ನನ್ನ ಮಾತು ಇಲ್ಲಿಗೆ ಮುಗಿಯಿತು.

ಪಾಂಡವಪುರದ ಹತ್ತಿರದ ನಮ್ಮೂರಿನಲ್ಲಿ ಕರೆಂಟು ಹೋದಾಗಲೆಲ್ಲ ನಮ್ಮಜ್ಜಿ ಪುಣ್ಯಕೋಟಿ ಹಾಡುತ್ತಿದ್ದಳು. ಹೊರಗೆ ಕಬ್ಬಿನ ಗದ್ದೆ, ಕಣ್ಣಿಗೆ ಏನೂ ಕಾಣದ ಕತ್ತಲು. ಅರ್ಬುತ ಬಂದದ್ದೇ ನಾನು ಅವಳ ಸೆರಗು ಹಿಡಿಯುತ್ತಿದ್ದೆ. ಹಿಡಿತ ಬಿಗಿಯಾದರೆ ಅಜ್ಜಿ ಹಾಡು ನಿಲ್ಲಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು, ಸಡಿಲವಾದ ಮೇಲೆ ಮುಂದಿನ ಸಾಲು. ಕೊನೆಯಲ್ಲಿ ಹುಲಿ ಹಾರಿ ಪ್ರಾಣ ಬಿಡುತ್ತಲ್ಲ, ಆಗ ನಾನು ಕೇಳಿದ್ದೆ: “ಅಜ್ಜಿ, ಹುಲಿಗೆ ನೋವಾಯ್ತಾ?” “ಆಯ್ತು ಕಣಪ್ಪ. ಏಳು, ಮುದ್ದೆ ಉಣ್ಣು.”

ಸಾಯಲು ಹೊರಟ ತಾಯಿ, ದಿಕ್ಕಿಲ್ಲದ ಕರು, ಆತ್ಮಹತ್ಯೆ ಮಾಡಿಕೊಳ್ಳುವ ಹುಲಿ. ಸೆನ್ಸಾರ್ ಮಂಡಳಿಯ ಮುಂದೆ ಇಟ್ಟರೆ ಇದಕ್ಕೆ ಯಾವ ಸರ್ಟಿಫಿಕೇಟ್ ಕೊಡುತ್ತಾರೆ, ಹೇಳಿ? ನಮ್ಮ ಚಾಮುಂಡಿ ಬೆಟ್ಟದ ಮಹಿಷಾಸುರನನ್ನೇ ನೋಡಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು. ನನ್ನ ಮೊಮ್ಮಗಳು ಮೂರನೇ ವರ್ಷದಲ್ಲಿ ಅವನನ್ನು ಕಂಡು ನನ್ನ ಹೆಗಲ ಮೇಲೇ ಒದ್ದೆ ಮಾಡಿದ್ದಳು. ಐದಕ್ಕೆ ಬಂದಾಗ ಅವನ ಮುಂದೆ ನಿಂತು, ಅವನ ಹಾಗೇ ಮೀಸೆ ತಿರುವಿ ಫೋಟೋ ತೆಗೆಸಿಕೊಂಡಳು.

ಹಾಗಾದರೆ ನಿಮ್ಮ ಮಗ ಯಾಕೆ ಅಷ್ಟು ಹೆದರಿದ? ಐದಾರು ವರ್ಷದ ಮಕ್ಕಳು ನೋಡಲು ಭೀಕರವಾಗಿರುವುದಕ್ಕೆ ಹೆದರುತ್ತವೆ, ಹತ್ತು ದಾಟಿದವು ನಿಜವಾಗಿ ನಡೆಯಬಹುದಾದ್ದಕ್ಕೆ. ‘ಅದು ಸುಳ್ಳು ಕಣೋ’ ಅನ್ನುವ ಸಮಾಧಾನ ದೊಡ್ಡವಕ್ಕೆ ಸಾಕು. ಚಿಕ್ಕವಕ್ಕೆ ಅದು ತಲುಪುವುದೇ ಇಲ್ಲ, ಕೈ ಹಿಡಿದುಕೊಳ್ಳಬೇಕು. ಮಾಲ್‌ನ ಪರದೆಗೆ ಸೆರಗಿನ ಬಿಗಿ ತಿಳಿಯದು, ಎಲೆಅಡಿಕೆಗೂ ನಿಲ್ಲಿಸದು. ಮೇಲೆ ಎದೆ ಗುದ್ದುವ ಸದ್ದು.

ಆದರೆ ನೀವು ಪತ್ರದಲ್ಲಿ ಒಂದೇ ಪದದಲ್ಲಿ ದಾಟಿಸಿದ ವಿಷಯವಿದೆ: ‘ಇಂಗ್ಲಿಷ್’. ಕೋಪ ಮಾಡಿಕೊಳ್ಳಬೇಡಿ ತಾಯಿ, ಆರು ವರ್ಷದ ಮಂಡ್ಯದ ಹುಡುಗನಿಗೆ ಆ ಮಾತು ಎಷ್ಟು ಅರ್ಥವಾಗಿದ್ದೀತು? ಸಾಯುವ ಅಪ್ಪ ಮಗನಿಗೆ ಏನೋ ಹೇಳಿಯೇ ಸತ್ತಿರುತ್ತಾನೆ. ಅದನ್ನು ಕೇಳಿದ ಮಗುವಿಗೆ ಮುಂದಿನ ಕಥೆಯ ಮೇಲೆ ಆಸೆ ಹುಟ್ಟುತ್ತದೆ. ನಿಮ್ಮ ಮಗನ ಪಾಲಿಗೆ ಉಳಿದದ್ದು ಹಲ್ಲು ಮತ್ತು ಗರ್ಜನೆ. ಅರ್ಬುತನ ಕಥೆಯನ್ನು ನಮ್ಮಜ್ಜಿ ನನಗೆ ತಿಳಿಯದ ಭಾಷೆಯಲ್ಲಿ ಹಾಡಿದ್ದರೆ ನಾನೂ ದೀಪ ಆರಿಸಲು ಬಿಡುತ್ತಿರಲಿಲ್ಲ.

ಕನ್ನಡವನ್ನು ಉಳಿಸುತ್ತೇವೆ ಎಂದು ದಶಕಗಳ ಕಾಲ ಡಬ್ಬಿಂಗ್ ತಡೆದೆವು. ಹಾಗೆ ತಡೆಯುವಂತಿಲ್ಲ ಎಂದು ಮಾರುಕಟ್ಟೆಯ ಪೈಪೋಟಿ ಕಾಯುವ ಸ್ಪರ್ಧಾ ಆಯೋಗ 2015ರಲ್ಲಿ ಹೇಳಬೇಕಾಯಿತು. ಅಷ್ಟರಲ್ಲಿ ಒಂದಿಡೀ ಪೀಳಿಗೆಯ ಮಕ್ಕಳು ಟೀವಿ ಮುಂದೆ ಕೂತು ಹಿಂದಿ ಕಲಿತಿದ್ದವು. ಈಗ ತಡೆಯಿಲ್ಲ, ಆದರೂ ಮಕ್ಕಳ ಚಿತ್ರದ ಕನ್ನಡ ಶೋ ಹುಡುಕುವುದೇ ಒಂದು ಸಾಹಸ. ಇನ್ನೊಂದು ತಮಾಷೆ ಕೇಳಿ. ನಮ್ಮ ಗೋವಿನ ಹಾಡಿನ ಅದೇ ಪುಣ್ಯಕೋಟಿಯ ಕಥೆ 2020ರಲ್ಲಿ ಅನಿಮೇಷನ್ ಚಿತ್ರವಾಯಿತು, ಸಂಸ್ಕೃತದಲ್ಲಿ! ಮಾಡಿದವರದ್ದು ದೊಡ್ಡ ಸಾಹಸ, ಬೆನ್ನು ತಟ್ಟೋಣ. ಆದರೆ ನಮ್ಮ ಹಸು ನಮ್ಮ ಮಕ್ಕಳ ಜೊತೆ ಮೊದಲು ಕನ್ನಡದಲ್ಲಿ ಮಾತಾಡಬೇಕಿತ್ತು, ಅಲ್ವಾ? ಇಲ್ಲಿ ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ನಡೆಸುವ ಮಕ್ಕಳ ನಾಟಕ ಶಿಬಿರ ಚಿನ್ನರ ಮೇಳದಲ್ಲಿ ಮಕ್ಕಳೇ ರಾಕ್ಷಸರಾಗಿ ಕುಣಿಯುವುದನ್ನು ನೋಡಿದ್ದೇನೆ. ಸಾಯುವ ಪಾತ್ರಕ್ಕೇ ಜಗಳ. ಯಾರಿಗೂ ನಿದ್ದೆ ಕೆಟ್ಟ ಸುದ್ದಿ ಬರಲಿಲ್ಲ.

ಪಟ್ಟಿ ನಾವು ಕೊಡುವುದಿಲ್ಲ. ನಿಮ್ಮ ಮಗನ ಸೆರಗಿನ ಹಿಡಿತ ನಮಗೆ ಗೊತ್ತಾಗುವುದಿಲ್ಲ. ಮುಂದಿನ ಸಲ ಟ್ರೈಲರ್ ನೀವೊಬ್ಬರೇ ಮೊದಲು ನೋಡಿ. ಹೋಗುವ ಹಿಂದಿನ ರಾತ್ರಿ ಕಥೆಯನ್ನು ಕೊನೆ ಸಮೇತ ಕನ್ನಡದಲ್ಲಿ ಹೇಳಿಬಿಡಿ. ಮಜಾ ಹಾಳಾಗುತ್ತದೆ ಅನ್ನಬೇಡಿ, ಪುಣ್ಯಕೋಟಿಯ ಕೊನೆ ಗೊತ್ತಿದ್ದೇ ನಾನು ನೂರು ಸಲ ಅತ್ತಿದ್ದೇನೆ. ಬಾಗಿಲಿನ ಪಕ್ಕದ ಸೀಟು ಹಿಡಿಯಿರಿ, ಸಾಕು ಅಂದರೆ ಎದ್ದು ಬನ್ನಿ. ಟಿಕೆಟ್ ದುಡ್ಡು ಹೋದರೆ ಹೋಗಲಿ.

ಆ ಗೋಡೆಗೆ ಸದ್ಯಕ್ಕೆ ಸುಣ್ಣ ಬಳಿಯಬೇಡಿ. ಅದೇ ಪ್ರಾಣಿಯನ್ನು ಒಂದು ಕಾಗದದ ಮೇಲೂ ಬರೆಸಿ, ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ ಎಂದು ಅವನನ್ನೇ ಕೇಳಿ ಕೆಳಗೆ ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಯ ಮಕ್ಕಳ ಪುಟದಲ್ಲಿ ಅರ್ಧ ಪುಟ ಖಾಲಿ ಇಟ್ಟಿರುತ್ತೇನೆ.